ತಾತನ ನಂಬರು

ತಾತ ಹೋಗಿ 8 ತಿಂಗಳಾಗಿತ್ತು. ಸರಸ್ವತಿಪುರಂ ಮನೆಯಲ್ಲಿ ರೇಷನ್ ಕಾರ್ಡಿನಿಂದ ಅವರ ಹೆಸರು ತೆಗೆಸಿದ್ದಾಯಿತು, ಬ್ಯಾಂಕಿನ ಖಾತೆ ಮುಚ್ಚಿದ್ದಾಯಿತು. ಅವರ ಕೀಪ್ಯಾಡ್ ಫೋನಿಗೆ ಮಾತ್ರ ಅಜ್ಜಿ ನನ್ನ ಕೈಯಲ್ಲಿ ರೀಚಾರ್ಜ್ ಮಾಡಿಸುತ್ತಲೇ ಇದ್ದರು. ದಂಡದ ದುಡ್ಡು ಎಂದು ಅಪ್ಪ ಗೊಣಗುತ್ತಿದ್ದರು.

ಆಗ ನಾನು ಕಾಲೇಜಿನ ಪ್ರಾಜೆಕ್ಟಿಗೆ ಲಿನಕ್ಸ್‌ನಲ್ಲಿ ಪುಟ್ಟದೊಂದು ಫೈಲ್‌ಸಿಸ್ಟಂ ಬರೆಯುತ್ತಿದ್ದೆ. ಅಲ್ಲಿ ಫೈಲೇ ಬೇರೆ, ಅದರ ಹೆಸರೇ ಬೇರೆ. ಫೈಲಿನ ಅಸಲು ವಿವರ ಇರುವುದು ಐನೋಡ್ ಎಂಬ ದಾಖಲೆಯಲ್ಲಿ. ಅದಕ್ಕೆ ಎರಡು ಎಣಿಕೆ. ಡಿಸ್ಕಿನಲ್ಲಿ ಎಷ್ಟು ಹೆಸರುಗಳು ಅದನ್ನು ತೋರಿಸುತ್ತಿವೆ ಎಂಬುದೊಂದು, ಈ ಗಳಿಗೆಯಲ್ಲಿ ಎಷ್ಟು ಕಡೆಯಿಂದ ಅದನ್ನು ಹಿಡಿದುಕೊಂಡಿದ್ದಾರೆ ಎಂಬುದಿನ್ನೊಂದು. ನಾವು ಫೈಲು ಅಳಿಸಿದಾಗ ಹೋಗುವುದು ಹೆಸರಷ್ಟೇ. ಯಾವುದೋ ಪ್ರೋಗ್ರಾಮು ಅದನ್ನು ತೆರೆದು ಓದುತ್ತಿದ್ದರೆ, ಅದು ಮುಚ್ಚುವ ತನಕ ಒಳಗಿನದೆಲ್ಲ ಹಾಗೇ ಇರುತ್ತದೆ. (ದೊಡ್ಡ ಲಾಗ್ ಫೈಲು ಅಳಿಸಿಯೂ ಡಿಸ್ಕಿನಲ್ಲಿ ಜಾಗವಾಗದೆ ತಲೆ ಕೆರೆದುಕೊಂಡವರಿಗೆ ಇದು ಗೊತ್ತಿರುತ್ತದೆ.) ಎರಡೂ ಎಣಿಕೆ ಸೊನ್ನೆಯಾದರೆ ಮಾತ್ರ ಆ ಜಾಗ ಬೇರೆಯವರ ಪಾಲಿಗೆ.

ಹಿಡಿದವರು ಬಿಡಲೇಬೇಕು. ಬಿಡುವ ಕೆಲಸದ ಹೆಸರು ಐಪುಟ್. ಎರರ್ ಬಂದು ಅರ್ಧಕ್ಕೇ ಹಿಂದಿರುಗುವ ಒಂದು ದಾರಿಯಲ್ಲಿ ನಾನದನ್ನು ಮರೆತಿದ್ದೆ. ಅನ್‌ಮೌಂಟ್ ಮಾಡಿದರೆ ಕರ್ನಲ್, ‘ಐನೋಡ್‌ಗಳು ಇನ್ನೂ ಬಳಕೆಯಲ್ಲಿವೆ, 5 ಸೆಕೆಂಡಿನಲ್ಲಿ ಸ್ವಯಂನಾಶ, ಶುಭದಿನ’ ಎಂಬರ್ಥದ ಸಾಲು ಕಕ್ಕಿತು. ನಿಜವಾಗಿಯೂ ಲಿನಕ್ಸ್‌ನಲ್ಲಿ ಬಹುಕಾಲ ಹಾಗೇ ಬರೆದಿತ್ತು! ಎರಡು ರಾತ್ರಿ ನಿದ್ದೆಗೆಟ್ಟು, ಸಿಟ್ಟಿನಲ್ಲಿ ಎರಡು ಕಡೆ ಐಪುಟ್ ಸೇರಿಸಿದೆ. ಈಗ ಇನ್ನೂ ಕೆಟ್ಟಿತು. ಎಣಿಕೆ ಅವಧಿಗೆ ಮೊದಲೇ ಸೊನ್ನೆಯಾಗಿ, ಆ ಜಾಗ ಇನ್ನಾರಿಗೋ ಸಿಕ್ಕಿತು. ಹಳೆಯದನ್ನೇ ನಂಬಿ ಹಿಡಿದುಕೊಂಡಿದ್ದ ಪ್ರೋಗ್ರಾಮು ಪರರದ್ದನ್ನು ಓದಿತು. ಮೆಷಿನ್ನು ಸ್ತಬ್ಧ.

ಅದೇ ಮಧ್ಯಾಹ್ನ ತಾತನ ಫೋನು ಬಡಿದುಕೊಂಡಿತು. ಶಿವಮೊಗ್ಗದಿಂದ ಯಾರೋ ಹಳೆಯ ಸ್ನೇಹಿತರು. ವಿಷಯವೇ ಗೊತ್ತಿರಲಿಲ್ಲ. ‘ಅವರು ಹೋಗ್ಬಿಟ್ರು, ಮಾಘದಲ್ಲಿ’ ಎಂದ ಅಜ್ಜಿ ತುಂಬ ಹೊತ್ತು ಆಚೆಯವರು ಅಳುವುದನ್ನು ಕೇಳಿಸಿಕೊಂಡರು. ಆಮೇಲೆ ನನಗೆ ಹೇಳಿದರು: ‘ನಂಬರು ಬಿಟ್ಟಿದ್ರೆ ಕಂಪನಿಯವರು ಇನ್ಯಾರಿಗೋ ಕೊಟ್ಟಿರೋರು ಕಣೋ. ಯಾವನೋ ಎತ್ತಿ ರಾಂಗ್ ನಂಬರ್ ಅಂತಿದ್ದ.’

ಹೆಚ್ಚಾಗಿ ಸೇರಿಸಿದ್ದ ಐಪುಟ್ ತೆಗೆದು ಹಾಕಿದೆ. ಕರ್ನಲ್ಲಿಗಾದರೆ ಎಣಿಕೆ ಇದೆ. ತಾತನ ನಂಬರು ಯಾರ್ಯಾರ ಹತ್ತಿರ ಇದೆಯೋ ನಮಗೆ ಗೊತ್ತಿಲ್ಲ. ಭಾನುವಾರ ಅಜ್ಜಿ ತಾತನ ಡೈರಿ ತಂದು ಮುಂದಿಟ್ಟರು. ಒಂದೊಂದೇ ನಂಬರಿಗೆ ಫೋನ್ ಮಾಡುತ್ತ ಕೂತೆವು. 19 ಮಂದಿಗೆ ಹೇಳಿಯಾಯಿತು. 6 ನಂಬರುಗಳಲ್ಲಿ ಎತ್ತಿದವರು ಬೇರೆ ಯಾರೋ.