ಅಡಿಕೆಗೆ ಬಿಟ್ಟ ಜಾಗ

ಐದನೇ ಸೆಮಿಸ್ಟರ್ ಪರೀಕ್ಷೆ ಮುಗಿಸಿ ನಾವು ನಾಲ್ವರು ಕೊಪ್ಪದ ಹತ್ತಿರ ಇರೋ ಗೆಳೆಯನ ಮನೆಗೆ ಹೋಗಿದ್ದೆವು. ಅಂಗಳದಲ್ಲಿ ಅವನ ಅಪ್ಪಯ್ಯನ ಹಳೇ ಮಹೀಂದ್ರಾ ಜೀಪು. ಮೂತಿ ತಗ್ಗಿ, ಹಿಂಭಾಗ ಎದ್ದು ನಿಂತಿತ್ತು. ಮೆಕ್ಯಾನಿಕಲ್ ಓದೋರ ಕಣ್ಣಿಗೆ ಇದು ಬೀಳದೇ ಇರುತ್ತಾ? "ಅಂಕಲ್, ಸಸ್ಪೆನ್ಷನ್ ನಾವು ಸರಿ ಮಾಡಿಕೊಡ್ತೀವಿ" ಅಂದೆವು. ಅವರು ನಕ್ಕು, "ಮಾಡಿ, ನೋಡುವ" ಅಂದರು.

ಮೊದಲು ನಾಲ್ಕೂ ಶಾಕ್ ಅಬ್ಸಾರ್ಬರ್ ಹೊಸದು ಹಾಕಿದೆವು. ಕುಣಿತ ಕಡಿಮೆಯಾಯ್ತು, ಎತ್ತರ ಮಾತ್ರ ಇದ್ದಷ್ಟೇ. ಭಾರ ಹೊರೋದು ಸ್ಪ್ರಿಂಗು, ಶಾಕ್ ಅಬ್ಸಾರ್ಬರ್ ಅದರ ಕುಣಿತ ಅಡಗಿಸುತ್ತೆ ಅಷ್ಟೆ. ಪರೀಕ್ಷೆಯಲ್ಲಿ ಬರೆದು ಮಾರ್ಕ್ಸ್ ತಗೊಂಡಿದ್ದ ವಿಷಯ, ಅಂಗಳದಲ್ಲಿ ಮರೆತೇ ಹೋಗಿತ್ತು.

ಆಮೇಲೆ ಅಳತೆ. ಜೀಪನ್ನ ಅಡಿಕೆ ಒಣಗಿಸೋ ಸಿಮೆಂಟು ಅಂಗಳದಲ್ಲಿ ನಿಲ್ಲಿಸಿದೆವು. ಲೀಫ್ ಸ್ಪ್ರಿಂಗಿನ ಪ್ಲೇಟುಗಳು ಒಂದಕ್ಕೊಂದು ಉಜ್ಜಿ ಹಿಡ್ಕೊಂಡಿರ್ತವೆ, ಅದಕ್ಕೇ ಗಾಡಿಯನ್ನ ಚೆನ್ನಾಗಿ ಕುಲುಕಿ ಟೇಪು ಹಿಡಿದೆವು. ಹಿಂಭಾಗ 5 ಸೆಂ.ಮೀ. ಎತ್ತರ! ಮುಂದಿನ ಪ್ಲೇಟುಗಳಿಗೆ ಮತ್ತೆ ಬಾಗು ಕೊಡಿಸಿದಾಗ ಒಂದೂವರೆ ಸೆಂ.ಮೀ. ಸಿಕ್ಕಿತು. ಉಳಿದದ್ದಕ್ಕೆ ಹಿಂದಿನ 7 ಪ್ಲೇಟುಗಳಲ್ಲಿ 2 ಕಳಚಿದೆವು. ಜೀಪು ಈಗ ಪಕ್ಕಾ ಲೆವೆಲ್. ಫೋಟೊ ತೆಗೆದು ಸ್ಟೇಟಸ್ ಹಾಕಿದ್ದೂ ಆಯ್ತು.

ಮಾರನೇ ದಿನ ಸಂಜೆ ಅಪ್ಪಯ್ಯ 5 ಮೂಟೆ ಅಡಿಕೆ ಹೇರಿ ಹೊರಟರು. ಹಿಂದೆ ಬೈಕಲ್ಲಿ ನಾವು. ಮಣ್ಣು ರಸ್ತೆಯ ಏರು ಶುರುವಾಗಿದ್ದೇ ಹೆಡ್‌ಲೈಟು ರಸ್ತೆ ಬಿಟ್ಟು ಮರದ ತುದಿ ನೋಡತೊಡಗಿತು. ತಿರುವಿನ ಗುಂಡಿಯಲ್ಲಿ ಹಿಂದಿನ ಆಕ್ಸಲ್ ರಬ್ಬರ್ ಸ್ಟಾಪಿಗೆ ದಡ್ ಅಂತ ಬಡಿಯಿತು. ಹಿಂಭಾಗ ಹಾರಿ ಪಕ್ಕಕ್ಕೆ ಜಾರಿ, ಚಕ್ರ ಧರೆಯ ಅಂಚಿಗೆ ಬಂದು ನಿಂತಿತು. ಕೆಳಗೆ ತೋಟ. ಬೈಕು ಬಿಸಾಕಿ ಓಡಿದೆವು.

ಅಪ್ಪಯ್ಯ ನಿಧಾನಕ್ಕೆ ಇಳಿದು, ಸುತ್ತ ನೋಡಿ, "ಹಿಂದೆ ಎತ್ತರ ಇತ್ತಲ್ಲ, ಅದು ಅಡಿಕೆಗೆ ಬಿಟ್ಟ ಜಾಗ ಮಾರಾಯ" ಅಂದರು. ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

ಮೂಟೆಗಳನ್ನ ನಾವೇ ಇಳಿಸಿ, ಹೊತ್ತು ಮನೆಗೆ ತಂದೆವು. ರಾತ್ರಿ ಲೆಕ್ಕ ಹಾಕಿದರೆ ಎಲ್ಲ ಎದುರಿಗೇ ಇತ್ತು. ಒಂದೇ ದಪ್ಪದ 7 ಪ್ಲೇಟಲ್ಲಿ 2 ಹೋದರೆ ಸ್ಪ್ರಿಂಗಿನ ಗಡಸುತನ ಸುಮಾರು 29% ಕಮ್ಮಿ. ಅಂದ್ರೆ ಅದೇ ಹೊರೆಗೆ ಅದು 1.4 ಪಟ್ಟು ತಗ್ಗುತ್ತೆ. ಮೊದಲು ಆರೂವರೆ ಸೆಂ.ಮೀ. ಕೂರುತ್ತಿದ್ದ ಜಾಗದಲ್ಲಿ ಈಗ 9. ಅದೂ ನಾವೇ ಮೂರೂವರೆ ಸೆಂ.ಮೀ. ಇಳಿಸಿಟ್ಟ ಮೇಲೆ! ಸ್ಪ್ರಿಂಗಿಗೆ ಕೂರೋಕೆ ಜಾಗವೇ ಉಳಿದಿರಲಿಲ್ಲ. ನಾವು ಅಳೆದದ್ದು ಖಾಲಿ ಜೀಪು, ಅಪ್ಪಯ್ಯ ಓಡಿಸೋದು ಹೊರೆಯ ಜೀಪು.

ಬೆಳಿಗ್ಗೆ ಆ 2 ಪ್ಲೇಟು ವಾಪಸ್ ಸೇರಿಸಿದೆವು. ಈ ಸಲ ಮೂಟೆ ಹೇರಿದ ಮೇಲೇ ಟೇಪು ಹಿಡಿದದ್ದು. ಹಿಂಭಾಗ 3 ಸೆಂ.ಮೀ. ಕೆಳಗಿತ್ತು. ಅಷ್ಟಕ್ಕೆ ಹೆಡ್‌ಲೈಟು ತಗ್ಗಿಸಿ, ಅಪ್ಪಯ್ಯನ ಮುಖ ನೋಡಿದೆವು. ಅವರು ಕೀಲಿ ತಗೊಂಡು, "ಹತ್ತಿ, ಕೊಪ್ಪಕ್ಕೆ ಹೋಗಿ ಬರುವ" ಅಂದರು.

ಜೀಪು ಈಗಲೂ ಖಾಲಿ ಇದ್ದಾಗ ಹಿಂಭಾಗ ಎತ್ತಿಕೊಂಡೇ ನಿಲ್ಲುತ್ತೆ. ನಮಗೀಗ ಅದು ಸೊಟ್ಟ ಕಾಣೋದಿಲ್ಲ.