ನಲವತ್ತೆಂಟು ತಾಸಿನ ಗಡಿ

2022ರ ಜನವರಿಯಲ್ಲಿ ಬನಹಟ್ಟಿಯಿಂದ ದುಬೈಗೆ ಹೊರಟವರು ರೊಕ್ಕದ ಲೆಕ್ಕಕ್ಕಿಂತ ಮೊದಲು ತಾಸುಗಳ ಲೆಕ್ಕ ಹಾಕಬೇಕಿತ್ತು. ವಿಮಾನ ಹೊರಡುವ ಹೊತ್ತಿಗೆ ಕೊರೊನಾದ ಆರ್‌ಟಿ-ಪಿಸಿಆರ್ ಪರೀಕ್ಷೆಯಾಗಿ 48 ತಾಸು ಮೀರಿರಬಾರದು. ಮೂಗಿಗೆ ಕಡ್ಡಿ ಹಾಕಿದ ಹೊತ್ತಿನಿಂದಲೇ ಗಡಿಯಾರ ಶುರು. ವರದಿ ಯಾವಾಗ ಕೈಗೆ ಬಂತು ಎಂಬುದನ್ನು ಯಾರೂ ಕೇಳುವುದಿಲ್ಲ. ವರದಿಯ ಮೇಲೆ ಕ್ಯೂಆರ್ ಕೋಡ್ ಇರಬೇಕು. ಆಮೇಲೆ ವಿಮಾನ ನಿಲ್ದಾಣದಲ್ಲೇ, ಹೊರಡುವ ಮುಂಚಿನ ಆರು ತಾಸಿನೊಳಗೆ, ಇನ್ನೊಂದು ರ‍್ಯಾಪಿಡ್ ಪಿಸಿಆರ್. ದುಬೈಯಲ್ಲಿ ಇಳಿದ ಕೂಡಲೇ ಮೂರನೆಯದು.

ಬೆಂಗಳೂರಿನಲ್ಲಿ ಮನೆ ಇದ್ದವರಿಗೆ 48 ತಾಸು ಧಾರಾಳವಾಯಿತು. ನಮ್ಮ ಕಡೆಗೆ ಹಾಗಲ್ಲ. ಜಮಖಂಡಿಗಾಗಲಿ ರಬಕವಿ-ಬನಹಟ್ಟಿಗಾಗಲಿ ರೈಲಿಲ್ಲ. ಬೆಂಗಳೂರು ಐನೂರು ಕಿಲೋಮೀಟರಿಗೂ ದೂರ, ರಾತ್ರಿ ಬಸ್ಸೇ ಗತಿ. ಊರಲ್ಲಿ ಸ್ವ್ಯಾಬ್ ಕೊಟ್ಟರೆ ಅದು ಬೇರೆ ಊರಿನ ಲ್ಯಾಬಿಗೆ ಹೋಗಿ ವರದಿ ಬರುವಷ್ಟರಲ್ಲಿ ಒಂದು ಹಗಲು ಹೋಯಿತು, ಬಸ್ಸಿನಲ್ಲಿ ಒಂದು ರಾತ್ರಿ ಹೋಯಿತು. ಬಸ್ಸು ಕೆಟ್ಟು ನಿಂತರೆ ಟಿಕೆಟ್ಟೂ ಹೋಯಿತು. ಹೀಗಾಗಿ ಮೊದಲೇ ಬೆಂಗಳೂರು ಸೇರಿ, ನೆಂಟರ ಮನೆಯಲ್ಲಿ ಇಳಿದುಕೊಂಡು, ಅಲ್ಲೇ ಪರೀಕ್ಷೆ ಮಾಡಿಸುವುದೆಂದು ತೀರ್ಮಾನವಾಯಿತು.

ಬಟ್ಟೆ ತುಂಬುತ್ತಿದ್ದ ನಮ್ಮಾಕೆ ಕೈ ನಿಲ್ಲಿಸಿ ಕೇಳಿದಳು: "ಅಲ್ರೀ, ಬೆಂಗಳೂರಿಂದ ದುಬೈಗೆ ನಾಕು ತಾಸು. ಇಲ್ಲಿಂದ ಬೆಂಗಳೂರಿಗೆ ಹನ್ನೆರಡು ತಾಸು. ಇದರಾಗ ಪರದೇಶ ಯಾವ್ದ್ರೀ?"

ಉತ್ತರ ನನ್ನಲ್ಲಿರಲಿಲ್ಲ.

ಗಡಿ ದಾಟುವುದು ನಮ್ಮ ಸೀಮೆಗೆ ಹೊಸದೇನಲ್ಲ. ಕೃಷ್ಣೆ, ಘಟಪ್ರಭೆಯರ ನಡುವಿನ ಈ ಕಪ್ಪು ನೆಲದಲ್ಲಿ ಸ್ವಾತಂತ್ರ್ಯ ಬರುವವರೆಗೂ ಕೂಗಳತೆಗೊಂದು ಸರ್ಕಾರವಿತ್ತು. ಜಮಖಂಡಿ ಪಟವರ್ಧನರದು, ಮುಧೋಳ ಘೋರ್ಪಡೆಯವರದು. ಬೀಳಗಿ ಬ್ರಿಟಿಷರ ವಿಜಾಪುರ ಜಿಲ್ಲೆಯಲ್ಲಿ. ಇಂದು ಒಂದೇ ನಗರಸಭೆಯಾಗಿರುವ ರಬಕವಿ ಮತ್ತು ಬನಹಟ್ಟಿಗಳಲ್ಲಿ ಬನಹಟ್ಟಿ ಜಮಖಂಡಿ ಸಂಸ್ಥಾನಕ್ಕೆ, ರಬಕವಿ ಸಾಂಗಲಿ ಸಂಸ್ಥಾನಕ್ಕೆ ಸೇರಿದ್ದವು. ಒಂದೂರಲ್ಲಿ ನೇಯ್ದ ಸೀರೆ ಪಕ್ಕದೂರಿಗೆ ಹೋದರೆ ಅರಸೊತ್ತಿಗೆಯೇ ಬದಲಾಗುತ್ತಿತ್ತು. 1948ರಲ್ಲಿ ಸಂಸ್ಥಾನಗಳು ವಿಲೀನವಾದವು, 1956ರಲ್ಲಿ ನಾವೆಲ್ಲ ಮೈಸೂರು ರಾಜ್ಯಕ್ಕೆ ಬಂದೆವು. ಗಡಿಗಳು ಹಿರಿಯರ ಮಾತಿನಲ್ಲಷ್ಟೇ ಉಳಿದವು.

ಕೊರೊನಾ ಅವನ್ನು ಮತ್ತೆ ಎಬ್ಬಿಸಿತು. ಜಡ್ಡು ಬಲವಾದರೆ "ಮಿರಜಕ್ಕ ಒಯ್ರಿ" ಎನ್ನುವುದು ನಮ್ಮ ಕಡೆಯ ರೂಢಿ. 1894ರಲ್ಲಿ ಶುರುವಾದ ಅಲ್ಲಿನ ಮಿಷನ್ ದವಾಖಾನೆ ನಮ್ಮ ಎಷ್ಟೋ ತಲೆಮಾರುಗಳನ್ನು ಕಂಡಿದೆ. ಅಥಣಿ, ಕಾಗವಾಡ ದಾಟಿದರೆ ಮಿರಜ. ನಡುವೆ ರಾಜ್ಯದ ಗಡಿ ಇದೆ ಎಂಬುದು ಅಂಗಡಿ ಬೋರ್ಡಿನ ಅಕ್ಷರ ಬದಲಾದಾಗಷ್ಟೇ ತಿಳಿಯುತ್ತಿತ್ತು. 2021ರಲ್ಲಿ ಮಹಾರಾಷ್ಟ್ರದಿಂದ ಬರುವವರಿಗೆ ಕರ್ನಾಟಕ 72 ತಾಸಿನೊಳಗಿನ ನೆಗೆಟಿವ್ ವರದಿ ಕಡ್ಡಾಯ ಮಾಡಿತು. ಜುಲೈ ಕೊನೆಗೆ ಎರಡೂ ಲಸಿಕೆ ಆಗಿದ್ದವರಿಗೂ ವಿನಾಯಿತಿ ಇಲ್ಲವೆಂದಿತು. ನಿಪ್ಪಾಣಿ ಹತ್ತಿರದ ಕೊಗನೊಳಿಯಲ್ಲಿ ವಾಹನಗಳ ಸಾಲು ನಿಂತಿತು. ಪಾಸ್‌ಪೋರ್ಟನ್ನೇ ನೋಡದ ನಮ್ಮ ಜನ ಗಡಿಯ ಪಾಠ ಕಲಿತದ್ದು ಅಂಥ ಚೆಕ್‌ಪೋಸ್ಟುಗಳಲ್ಲಿ.

ದುಬೈಗೆ ಕರೆದವನು ಅಣ್ಣನ ಮಗ. "ಕಾಕಾ, ಎಕ್ಸ್‌ಪೋ ಮಾರ್ಚ್ 31ಕ್ಕ ಮುಗೀತೈತಿ. ಕಾಕೂನ್ನ ಕರ್ಕೊಂಡು ಬಂದಬಿಡ್ರಿ" ಎಂದು ಫೋನಿನಲ್ಲಿ ಹಟ ಹಿಡಿದ. 2020ರಲ್ಲಿ ಆಗಬೇಕಿದ್ದ ಜಾಗತಿಕ ಮೇಳವದು. ಕೊರೊನಾದಿಂದ ಒಂದು ವರ್ಷ ಮುಂದೆ ಹೋಗಿ 2021ರ ಅಕ್ಟೋಬರ್ 1ಕ್ಕೆ ಶುರುವಾಗಿತ್ತು. ಹೆಸರು ಮಾತ್ರ 'ಎಕ್ಸ್‌ಪೋ 2020' ಎಂದೇ ಉಳಿದಿತ್ತು.

ಕಾಗದಪತ್ರ ಹೊಂದಿಸುವ ಕೆಲಸ ಬನಹಟ್ಟಿಯ ಒಂದು ಸೈಬರ್ ಅಂಗಡಿಯಲ್ಲಿ ನಡೆಯಿತು. ಕೋವಿನ್ ಲಸಿಕೆ ಪ್ರಮಾಣಪತ್ರಕ್ಕೆ ಪಾಸ್‌ಪೋರ್ಟ್ ನಂಬರ್ ಜೋಡಿಸುವ ಅವಕಾಶ 2021ರ ಜೂನ್‌ನಲ್ಲೇ ಬಂದಿತ್ತು. ಮೊದಮೊದಲು ಅದರಲ್ಲಿ ವಯಸ್ಸು ಮಾತ್ರ ಇರುತ್ತಿತ್ತು. ಹೊರದೇಶಗಳು ತಕರಾರು ತೆಗೆದ ಮೇಲೆ ಪೂರ್ತಿ ಜನ್ಮದಿನಾಂಕವಿರುವ ಬೇರೆ ಪ್ರಮಾಣಪತ್ರ ಸಿಗತೊಡಗಿತು. ನಮ್ಮಲ್ಲಿ ಆಧಾರ್‌ನಲ್ಲಿ ಅಡ್ಡಹೆಸರು ಹಿಂದೆ, ಪಾಸ್‌ಪೋರ್ಟ್‌ನಲ್ಲಿ ಮುಂದೆ, ನಡುವೆ ಅಪ್ಪನ ಹೆಸರು ಒಂದರಲ್ಲಿ ಇದೆ ಒಂದರಲ್ಲಿ ಇಲ್ಲ. ಅಂಗಡಿಯ ಹುಡುಗ ಒಂದೊಂದೇ ಅಕ್ಷರ ಬೆರಳಿಟ್ಟು ಓದಿ ತಾಳೆ ಹಾಕಿದ. ನಮ್ಮಾಕೆಯ ಲಸಿಕೆ ಕೊವ್ಯಾಕ್ಸಿನ್. ವಿಶ್ವ ಆರೋಗ್ಯ ಸಂಸ್ಥೆ ಅದಕ್ಕೆ ಒಪ್ಪಿಗೆ ಕೊಟ್ಟದ್ದು 2021ರ ನವೆಂಬರ್ 3ರಂದು. ಅಲ್ಲಿಯವರೆಗೆ ಒಂದೇ ಮನೆಯಲ್ಲಿ ಉಂಡು ಮಲಗುವ ಗಂಡ ಹೆಂಡತಿಯಲ್ಲಿ ಕೋವಿಶೀಲ್ಡ್ ಹಾಕಿಸಿಕೊಂಡ ಗಂಡನನ್ನು ಒಳಗೆ ಬಿಟ್ಟು ಹೆಂಡತಿಯನ್ನು ಹೊರಗೇ ನಿಲ್ಲಿಸುವ ದೇಶಗಳಿದ್ದವು.

ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ರ‍್ಯಾಪಿಡ್ ಪರೀಕ್ಷೆಯ ಸಾಲಿನಲ್ಲಿ ನಿಂತಾಗ ನಡುರಾತ್ರಿ. ಸೂಟುಬೂಟಿನವರು, ಮಗು ಹೊತ್ತ ತಾಯಂದಿರು, ಹಗ್ಗ ಬಿಗಿದ ರಟ್ಟಿನ ಡಬ್ಬಿಗಳ ಕೂಲಿ ಹುಡುಗರು ಎಲ್ಲರೂ ಒಂದೇ ಸಾಲು. ನಮ್ಮ ಮುಂದಿದ್ದವನು ಮುಧೋಳ ಕಡೆಯ ಎಲೆಕ್ಟ್ರಿಶಿಯನ್. ಮಾತಿನ ಧಾಟಿಯಲ್ಲೇ ಪರಸ್ಪರ ಗುರುತು ಸಿಕ್ಕಿತು. ಅಕ್ಕನ ಮದುವೆಗೆಂದು 2021ರ ಏಪ್ರಿಲ್‌ನಲ್ಲಿ ಊರಿಗೆ ಬಂದಿದ್ದನಂತೆ. ಆ ತಿಂಗಳ ಕೊನೆಯ ವಾರ ಯುಎಇ ಭಾರತದ ಪ್ರಯಾಣಿಕರಿಗೆ ಬಾಗಿಲು ಮುಚ್ಚಿತು. ಅಲ್ಲಿ ನೆಲೆಸಿ ದುಡಿಯುವವರಿಗೆ ಮತ್ತೆ ತೆರೆದದ್ದು ಆಗಸ್ಟ್ 5ಕ್ಕೆ.

"ಹತ್ತು ದಿನದ ರಜೆ ಹಾಕಿ ಬಂದಿದ್ನಿರೀ. ಕಬ್ಬಿಗೆ ನೀರು ಹಾಯಿಸ್ಕೋತ ಕುಂತೆ. ಅಪ್ಪ ಅಂತಿದ್ದ, ಇಲ್ಲೇ ಇದ್ದಬಿಡಪಾ ಅಂತ. ಸಾಲ ಯಾರು ತೀರಸ್ತಾರ್ರೀ?"

ಸಾಲಿನಲ್ಲಿ ನಮ್ಮ ಗುರು ಅವನೇ. ಯಾವ ಕಾಗದ ಮೇಲೆ, ಯಾವುದು ಕೆಳಗೆ, ಫೋನಿನ ಬ್ಯಾಟರಿ ಸತ್ತರೆ ಎಂದು ಪ್ರಿಂಟ್ ಏಕೆ ಬೇಕು, ಎಲ್ಲ ಹೇಳಿಕೊಟ್ಟ. ಪರೀಕ್ಷೆಯಾಗಿ ಕುರ್ಚಿಗಳಲ್ಲಿ ಕುಳಿತಾಗ ಯಾರೂ ಹೆಚ್ಚು ಮಾತಾಡಲಿಲ್ಲ. ಚೀಟಿ ಸಿಕ್ಕಿ, ವೀಸಾ ಸಿಕ್ಕಿ, ಕಾಸು ಕಟ್ಟಿ ಬಂದವರನ್ನೂ ಇಲ್ಲಿಂದಲೇ ಮನೆಗೆ ಕಳಿಸಬಹುದಿತ್ತು. ಹೆಸರು ಕರೆದು 'ನೆಗೆಟಿವ್' ಎಂದಾಗ ಒಬ್ಬ ಮುದುಕಿ ಕೈಮುಗಿದಳು.

ದುಬೈಯಲ್ಲಿ ಇಳಿದಾಗ ಮತ್ತೆ ಸ್ವ್ಯಾಬ್. ಫಲಿತಾಂಶ ಬರುವವರೆಗೆ ಮನೆ ಬಿಟ್ಟು ಕದಲುವಂತಿಲ್ಲ. ಅಣ್ಣನ ಮಗ ಹೊಸಿಲಲ್ಲೇ ನಿಂತು ನಮಸ್ಕಾರ ಮಾಡಿ, ಕೋಣೆ ತೋರಿಸಿ, ತಾಟು ಬಾಗಿಲ ಹತ್ತಿರ ಇಟ್ಟ. ಅವನ ಫೋನಿಗೆ ಮೆಸೇಜ್ ಬಂದ ಮೇಲೆಯೇ ಕಾಕೂನ ಕೈಯ ಖಟಕ ರೊಟ್ಟಿ, ಶೇಂಗಾ ಹಿಂಡಿ ಹೊರಬಂದದ್ದು.

ಮರುದಿನ ಮೆಟ್ರೋದ ಕೆಂಪು ಮಾರ್ಗ ಹಿಡಿದು ಎಕ್ಸ್‌ಪೋ ನಿಲ್ದಾಣದಲ್ಲಿ ಇಳಿದೆವು. ಬಾಗಿಲಲ್ಲಿ ಲಸಿಕೆ ಪ್ರಮಾಣಪತ್ರ ನೋಡಿದರು. ಬನಹಟ್ಟಿಯ ಸೈಬರ್ ಅಂಗಡಿಯ ಕಾಗದ ಮರುಭೂಮಿಯಲ್ಲೂ ನಡೆಯಿತು. ಒಳಗೆ 192 ದೇಶಗಳ ಮಂಟಪಗಳು. ನಟ್ಟನಡುವೆ ಅಲ್ ವಸ್ಲ್ ಎಂಬ ಗುಮ್ಮಟ: 130 ಮೀಟರ್ ಅಗಲ, 67 ಮೀಟರ್ ಎತ್ತರದ ಉಕ್ಕಿನ ಜಾಲರಿ. ಗೋಳಗುಮ್ಮಟ ನೋಡಿ ಬೆಳೆದವರು ನಾವು, ಗುಮ್ಮಟಕ್ಕೆ ಸುಲಭವಾಗಿ ಬೆರಗಾಗುವುದಿಲ್ಲ. ಕತ್ತಲಾಗಿ ಆ ಜಾಲರಿಯ ತುಂಬ ಚಿತ್ರಗಳು ಹರಿದಾಡಿದಾಗ ಮಾತ್ರ ಕತ್ತು ನೋಯುವವರೆಗೆ ಮೇಲೆ ನೋಡಿದೆವು.

ಮೊರಾಕ್ಕೊದ ಮಂಟಪದ ಹೊರಗೋಡೆ ಮಣ್ಣಿನದು. ಮಣ್ಣನ್ನು ಪದರಪದರವಾಗಿ ದಮ್ಮಸು ಮಾಡಿ ಮೂವತ್ತು ಮೀಟರ್‌ಗೂ ಎತ್ತರಕ್ಕೆ ಎಬ್ಬಿಸಿದ್ದರು. ನಮ್ಮಾಕೆ ಗೋಡೆಗೆ ಅಂಗೈ ಹಚ್ಚಿ ನಿಂತಳು. "ನಮ್ಮ ಮಾಳಿಗಿ ಮನಿ ಕೆಡವಿ ಸಿಮೆಂಟ್ ಮನಿ ಕಟ್ಟಿದ್ರಿ ನೀವು. ಇವ್ರು ನೋಡ್ರಿ, ಮಣ್ಣು ತೋರ್ಸಾಕ ದುಬೈಗೆ ಬಂದಾರ." ನೆದರ್‌ಲ್ಯಾಂಡ್ಸ್‌ನವರು ಸೂರ್ಯನ ವಿದ್ಯುತ್ತಿನಿಂದ ಗಾಳಿಯೊಳಗಿನ ತೇವ ಹಿಂಡಿ ನೀರು ಮಾಡಿ, ದೊಡ್ಡ ಶಂಕುವಿನ ಮೈತುಂಬ ಸೊಪ್ಪು ಬೆಳೆದು, ಅದರೊಳಗೆ ಅಣಬೆ ಬೆಳೆದಿದ್ದರು. ಒಳಗೆ ಹೋಗುವವರ ಕೈಗೆ ಬಿಳಿ ಛತ್ರಿ ಕೊಟ್ಟರು. ಕತ್ತಲಲ್ಲಿ ಮಳೆ ಸುರಿಸಿ ತೋರಿಸಿದರು. ಕೃಷ್ಣಾ ದಂಡೆಯಲ್ಲಿ ಕಬ್ಬಿಗೆ ಕಾಲುವೆ ನೀರನ್ನು ಕೊಳೆ ಬರುವಷ್ಟು ನಿಲ್ಲಿಸುವ ನಮಗೆ ಅಲ್ಲಿ ಸ್ವಲ್ಪ ಹೊತ್ತು ಸುಮ್ಮನಿರುವುದೇ ಲೇಸೆನಿಸಿತು. ಇನ್ನೊಂದು ಕಡೆ ಹದಿಮೂರು ಮೀಟರ್ ಎತ್ತರದ ಗೋಡೆಗಳಿಂದ ಸಂಗೀತದ ತಾಳಕ್ಕೆ ಅಲೆಅಲೆಯಾಗಿ ನೀರು ಇಳಿಯುತ್ತಿತ್ತು. ರಾತ್ರಿ ದೀಪದಾಟದಲ್ಲಿ ಅದೇ ನೀರು ಗೋಡೆ ಹತ್ತಿ ಮೇಲೆ ಹೋಗುವಂತೆ ಕಾಣುತ್ತಿತ್ತು. ಮಕ್ಕಳು ಬಟ್ಟೆ ತೋಯಿಸಿಕೊಂಡು ಕೇಕೆ ಹಾಕುತ್ತಿದ್ದರು. ಭಾರತದ ಮಂಟಪದ ಹೊರಮೈಯ 600 ಫಲಕಗಳು ತಿರುಗುತ್ತ ಒಂದೊಂದು ಹೊತ್ತಿಗೆ ಒಂದೊಂದು ಚಿತ್ರ ಕೂಡಿಸುತ್ತಿದ್ದವು. ಅದರೆದುರು ಫೋಟೊ ತೆಗೆಸಿಕೊಳ್ಳುವವರ ಸಾಲೇ ಒಂದು ಫರ್ಲಾಂಗು.

ಇವೆಲ್ಲಕ್ಕಿಂತ ನನ್ನನ್ನು ಹಿಡಿದದ್ದು ಒಂದು ಹಳದಿ ಪುಸ್ತಕ. ಎಕ್ಸ್‌ಪೋ ಪಾಸ್‌ಪೋರ್ಟ್ ಎಂದು 20 ದಿರ್ಹಮ್‌ಗೆ ಮಾರುತ್ತಿದ್ದರು. ಯಾವ ದೇಶದ ಮಂಟಪಕ್ಕೆ ಹೋದರೂ ಆ ದೇಶದ ಠಸ್ಸೆ ಹಾಕಿಕೊಡುತ್ತಿದ್ದರು. ಶಾಲಾ ಮಕ್ಕಳಿಂದ ಹಿಡಿದು ಗಾಲಿ ಕುರ್ಚಿಯ ಅಜ್ಜಂದಿರವರೆಗೆ ಅದೇ ಹುಚ್ಚು. ಎಷ್ಟೋ ಜನ ಒಳಗಿನದನ್ನು ನೋಡದೆ ನೇರ ಠಸ್ಸೆಯ ಮೇಜಿಗೇ ಓಡುತ್ತಿದ್ದರು. ನಾವೂ ಒಂದು ಕೊಂಡೆವು. ಮಧ್ಯಾಹ್ನದೊಳಗೆ ಪಾಕಿಸ್ತಾನ ದಾಟಿ, ಈಜಿಪ್ಟ್ ದಾಟಿ, ಬ್ರೆಜಿಲ್‌ನಲ್ಲಿ ನೀರು ಕುಡಿದೆವು. ಯಾರೂ ಮೂಗಿಗೆ ಕಡ್ಡಿ ಹಾಕಲಿಲ್ಲ, ಏಕೆ ಬಂದಿರಿ ಎನ್ನಲಿಲ್ಲ. ಅದೇ ದಿನ ಹೊರಗಿನ ಜಗತ್ತಿನಲ್ಲಿ ಒಮಿಕ್ರಾನ್‌ನಿಂದಾಗಿ ದೇಶದೇಶಗಳು ನಿಯಮ ಬಿಗಿ ಮಾಡಿ ಕುಳಿತಿದ್ದವು. ದುಡ್ಡು ಕೊಟ್ಟು ಗಡಿ ದಾಟುವ ಆಟ ಆಡಲು ನಿಜವಾದ ಗಡಿ ದಾಟಿ ಬಂದ ಲಕ್ಷಾಂತರ ಜನರಲ್ಲಿ ನಾವಿಬ್ಬರು.

ವಾಪಸು ಬರುವಾಗ ಸರದಿ ನಮ್ಮ ದೇಶದ್ದು. 2020ರ ಆಗಸ್ಟ್‌ನಲ್ಲಿ ಶುರುವಾದ ಏರ್ ಸುವಿಧಾ ಪೋರ್ಟಲ್‌ನಲ್ಲಿ ಅರ್ಜಿ ತುಂಬಿ, 72 ತಾಸಿನೊಳಗಿನ ವರದಿ ಏರಿಸಬೇಕು. ಜನವರಿ 11ರಿಂದ ಜಾರಿಗೆ ಬಂದ ನಿಯಮದಂತೆ ಹೊರದೇಶದಿಂದ ಬಂದವರೆಲ್ಲ ಏಳು ದಿನ ಮನೆಯಲ್ಲೇ ಇದ್ದು ಎಂಟನೇ ದಿನ ಮತ್ತೆ ಪರೀಕ್ಷೆ ಮಾಡಿಸಬೇಕು. ಎರಡು ವರ್ಷ ಹಿಂದೆ ಬಂದಿದ್ದರೆ ಕೈ ಮೇಲೆ ಅಳಿಸದ ಶಾಯಿಯ ಠಸ್ಸೆ ಬೀಳುತ್ತಿತ್ತು. ಬನಹಟ್ಟಿಯ ಮನೆಯಲ್ಲಿ ಮಹಡಿಯ ಕೋಣೆ ನಮ್ಮದಾಯಿತು. ಓಣಿಯವರು ಕೆಳಗೆ ನಿಂತು "ಏನ್ರೀ, ದುಬೈ ಹೆಂಗೈತ್ರೀ?" ಎಂದು ಕೂಗಿ ಕೇಳುತ್ತಿದ್ದರು. ನಾನು ಮೇಲಿಂದ ಕೂಗಿ ಹೇಳುತ್ತಿದ್ದೆ. ಸುತ್ತಲಿನ ಮಗ್ಗಗಳ ಸದ್ದಿನಲ್ಲಿ ಅರ್ಧ ಅವರಿಗೆ ಕೇಳುತ್ತಿರಲಿಲ್ಲ, ಉಳಿದರ್ಧ ನಂಬುತ್ತಿರಲಿಲ್ಲ.

ನಾವು ಕೋಣೆಯಿಂದ ಹೊರಬಂದ ಕೆಲವೇ ದಿನಗಳಲ್ಲಿ, ಫೆಬ್ರವರಿ 14ಕ್ಕೆ, ಆ ಏಳು ದಿನದ ನಿಯಮ ಹೋಯಿತು. ಅದೇ ತಿಂಗಳು ಯುಎಇ ವಿಮಾನ ನಿಲ್ದಾಣದ ರ‍್ಯಾಪಿಡ್ ಪರೀಕ್ಷೆಯನ್ನೂ ಕೈಬಿಟ್ಟಿತು. ನವೆಂಬರ್ 22ರಿಂದ ಏರ್ ಸುವಿಧಾ ಅರ್ಜಿಯೂ ಬೇಡವಾಯಿತು. ರೋಗ ತಡೆಯಲು ನಿಯಮ ಬೇಕು ಎನ್ನುವುದರಲ್ಲಿ ನನಗೆ ಅನುಮಾನವಿಲ್ಲ. ನಮ್ಮ ಓಣಿಯಲ್ಲೇ ಕೊರೊನಾಕ್ಕೆ ಹೋದವರಿದ್ದಾರೆ. ಆದರೆ 48 ತಾಸು ಎಂದು ಬರೆದವರು ವಿಮಾನ ನಿಲ್ದಾಣದಿಂದ ಹತ್ತು ಮೈಲಿ ದೂರದವರನ್ನು ನೆನೆದು ಬರೆದಿದ್ದರು. ಬೀಳಗಿಯ ಹಿನ್ನೀರ ದಂಡೆಯ ಹಳ್ಳಿಯಿಂದ ಹೊರಟವನಿಗೂ ಅಷ್ಟೇ ತಾಸು ಕೊಟ್ಟರು. ಊರು ದೂರವಾದಷ್ಟೂ ಗಡಿ ಅವನ ಮನೆಗೆ ಹತ್ತಿರ ಬಂತು, ಖರ್ಚೂ ಅಷ್ಟೇ ಏರಿತು: ಲಾಡ್ಜಿನ ಬಾಡಿಗೆ, ಎರಡು ದಿನದ ಕೂಲಿ, ತಪ್ಪಿದರೆ ಮತ್ತೊಂದು ಪರೀಕ್ಷೆ. ಮುಂದಿನ ಸಲ ಇಂಥ ಜಡ್ಡು ಬಂದರೆ ಕ್ಯೂಆರ್ ಕೋಡಿನ ವರದಿ ಕೊಡುವ ಲ್ಯಾಬು ತಾಲ್ಲೂಕಿಗೊಂದಾದರೂ ಇರಬೇಕು. ಆಗ ದೂರದೂರಿನವನ ಗಡಿಯಾರವೂ ನ್ಯಾಯವಾಗಿ ನಡೆದೀತು.

2023ರಲ್ಲಿ ಅಣ್ಣನ ಎರಡನೇ ಮಗನೂ ದುಬೈಗೆ ಹೊರಟ. ಪಾಸ್‌ಪೋರ್ಟ್, ವೀಸಾ, ಟಿಕೆಟ್ ಮೂರೇ ಅವನ ಕಾಗದ. ನಮ್ಮ ಕತೆ ಕೇಳಿ ನಕ್ಕ: "ಕಾಕಾ, ನೀವು ಸ್ವಲ್ಪ ಹೆಚ್ಚಿಗೆ ಹೇಳ್ತೀರಿ." ಕಪಾಟಿನಿಂದ ಫೈಲು ತೆಗೆದು ವರದಿಗಳನ್ನೆಲ್ಲ ಅವನ ಮುಂದೆ ಹರಡಿದೆ. ಒಂದೊಂದನ್ನೂ ಓದಿ, ಕೆಳಗಿನ ಬಿಲ್ಲುಗಳನ್ನು ಮನಸ್ಸಿನಲ್ಲೇ ಕೂಡಿಸಿ ಕೇಳಿದ: "ಇಷ್ಟೆಲ್ಲ ರೊಕ್ಕ ಯಾರು ಕೊಟ್ರು ಕಾಕಾ?"

"ಯಾರು ಕೊಡ್ತಾರಪಾ? ನಾವs ಕೊಟ್ವಿ. ಬೆಂಗಳೂರಿನವರಿಗಿಂತ ಡಬಲ್ ಕೊಟ್ವಿ."