ನಾಗರಖಂಡದ ಹಾದಿಯಲ್ಲಿ ಬಿಸಿಗಾಳಿ

ಶಾಸನಗಳಲ್ಲಿ ನಾಗರಖಂಡ ಎಪ್ಪತ್ತು ಎಂದು ಹೆಸರಾದ ನಾಡು ಇಂದಿನ ಶಿಕಾರಿಪುರ, ಸೊರಬ ತಾಲ್ಲೂಕುಗಳ ಸೀಮೆಯಲ್ಲಿತ್ತು. ಬಿ. ಎಲ್. ರೈಸ್ ಅವರು ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕಾದಲ್ಲಿ ಶಿಕಾರಿಪುರದ ಶಾಸನಗಳು 7ನೆಯ ಸಂಪುಟದಲ್ಲಿಯೂ (1902) ಸೊರಬದವು 8ನೆಯ ಸಂಪುಟದಲ್ಲಿಯೂ (1904) ಅಚ್ಚಾಗಿವೆ. ಈ ಎರಡು ಸಂಪುಟಗಳನ್ನು ಮೇಜಿನ ಮೇಲಿಟ್ಟುಕೊಂಡೇ ಬಾಳಿನ ಬಹುಭಾಗವನ್ನು ಕಳೆದ ನಿವೃತ್ತ ಕನ್ನಡ ಪ್ರಾಧ್ಯಾಪಕರೊಬ್ಬರು ಮೇ ತಿಂಗಳ ಒಂದು ಬೆಳಿಗ್ಗೆ ತಮ್ಮ ಶಿಷ್ಯೆಯೊಡನೆ ಶಿಕಾರಿಪುರದಿಂದ ಹೊರಟರು. ಹೋಗಬೇಕಾದದ್ದು ಸೊರಬ ತಾಲ್ಲೂಕಿನ ಹಿರೇಆವಲಿಗೆ, ಅಲ್ಲಿನ ನಿಸಿದಿಗಲ್ಲುಗಳನ್ನು ನೋಡಲು. ಹಿಂದೊಮ್ಮೆ ಮೇಷ್ಟರು ಅಲ್ಲಿಯ ಒಂದು ಶಾಸನದ ಮುದ್ರಿತ ಪಾಠದಲ್ಲಿ ಒಂದು ಅಕ್ಷರ ತಪ್ಪಾಗಿದೆಯೆಂದು ವಾದಿಸಿ, ತಮಗೆ ಸರಿತೋರಿದ ಅಕ್ಷರವನ್ನು ಸೇರಿಸಿ ಲೇಖನ ಬರೆದಿದ್ದರು. ಆಗ ಅವರು ಕಲ್ಲನ್ನು ನೋಡಿರಲಿಲ್ಲ. ಶಿಷ್ಯೆಯ ಮಹಾಪ್ರಬಂಧದ ಒಂದು ಅಧ್ಯಾಯ ಈಗ ಆ ಅಕ್ಷರದ ಮೇಲೆ ನಿಂತಿತ್ತು.

ಕಾರು ಮೇಷ್ಟರದು, ಓಡಿಸುತ್ತಿದ್ದವಳು ಶಿಷ್ಯೆ. ಊರು ದಾಟುವ ಮೊದಲೇ ಎ.ಸಿ.ಯಿಂದ ಬಿಸಿಗಾಳಿ ಬರತೊಡಗಿತು. ಹದಿನೈದು ದಿನಗಳ ಹಿಂದೆಯಷ್ಟೇ ಒಂದು ಗ್ಯಾರೇಜಿನಲ್ಲಿ “ಗ್ಯಾಸ್ ಮುಗಿದಿದೆ” ಎಂದು ಹೇಳಿ ತುಂಬಿಕೊಟ್ಟಿದ್ದರು. ಕಿಟಕಿ ಇಳಿಸಿದರೆ ಕೆಂಧೂಳಿ, ಏರಿಸಿದರೆ ಬೇಗೆ. ಎಪ್ಪತ್ತು ದಾಟಿದ, ರಕ್ತದೊತ್ತಡದ ಮಾತ್ರೆ ನುಂಗುವ ದೇಹಕ್ಕೆ ಇದು ಹುಡುಗಾಟದ ಮಾತಲ್ಲ. ತಾಳಗುಂದ ತಲುಪುವಷ್ಟರಲ್ಲಿ ಅವರ ಮಾತು ನಿಂತಿತ್ತು.

ಪ್ರಣವೇಶ್ವರ ದೇಗುಲದ ನೆರಳಿನಲ್ಲಿ ಅವರನ್ನು ಕೂರಿಸಿ, ಶಿಷ್ಯೆ ಒದ್ದೆ ಬಟ್ಟೆಯನ್ನು ಕತ್ತಿನ ಮೇಲಿಟ್ಟು ಗುಟುಕು ಗುಟುಕಾಗಿ ನೀರು ಕುಡಿಸಿದಳು. ಎದುರಿಗೆ ಕದಂಬರ ಸ್ತಂಭಶಾಸನ. ಶಾತಕರ್ಣಿಯೇ ಮೊದಲಾದ ಅರಸರು ಪೂಜಿಸಿದ ಈ ದೇವರ ಸನ್ನಿಧಿಯಲ್ಲಿ ಕಾಕುತ್ಸ್ಥವರ್ಮನು ದೊಡ್ಡ ಕೆರೆಯನ್ನು ಕಟ್ಟಿಸಿದನೆಂದು ಅದು ಹೇಳುತ್ತದೆ. ಆ ಕಾವ್ಯವನ್ನು ರಚಿಸಿದ ಕುಬ್ಜನು ತಾನೇ ಅದನ್ನು ಕಲ್ಲಿನ ಮೇಲೆ ಬರೆದೆನೆಂದೂ ಹೇಳಿಕೊಂಡಿದ್ದಾನೆ. ಕವಿಯೇ ಬರೆದ ಪಾಠ ಹೀಗೆ ಕಣ್ಣೆದುರಿಗೆ ಸಿಕ್ಕುವುದು ನಮ್ಮ ಸಾಹಿತ್ಯಚರಿತ್ರೆಯಲ್ಲಿ ಎಷ್ಟು ಅಪರೂಪವೆಂಬುದನ್ನು ಓಲೆಗರಿಗಳ ಪಾಠಾಂತರಗಳಲ್ಲಿ ಕಣ್ಣು ಸವೆಸಿದವರು ಮಾತ್ರ ಬಲ್ಲರು. ಅರ್ಧ ಗಂಟೆಯ ಮೇಲೆ ಮೇಷ್ಟರು ಇದನ್ನೇ ಹೇಳಲು ಬಾಯಿ ತೆರೆದಾಗ ಶಿಷ್ಯೆಗೆ ಧೈರ್ಯ ಬಂದಿತು.

ಶಿರಾಳಕೊಪ್ಪದ ಮೆಕ್ಯಾನಿಕ್ ಇನ್ನೂ ಹುಡುಗ. ಅವನು ಬಾನೆಟ್ಟಿಗೆ ಕೈಹಾಕುವ ಮೊದಲು ಕೇಳಿದ ಪ್ರಶ್ನೆ ಒಂದೇ: “ಗಾಡಿ ನಿಂತಾಗ ಮಾತ್ರ ಬಿಸಿನಾ ಸಾರ್, ಓಡೋವಾಗ್ಲೂ ಬಿಸಿನಾ?” ಮೇಷ್ಟರಲ್ಲಿ ಉತ್ತರವಿರಲಿಲ್ಲ. ಹಿಂದಿನ ಗ್ಯಾರೇಜಿನಲ್ಲಿಯೂ ಅವರು “ಬಿಸಿಗಾಳಿ ಬರುತ್ತದೆ” ಎಂದಷ್ಟೇ ಹೇಳಿದ್ದರು. ಶಿಷ್ಯೆ ಹೇಳಿದಳು: ಬಯಲು ರಸ್ತೆಯಲ್ಲಿ ವೇಗವಾಗಿ ಹೋಗುವಾಗ ಗಾಳಿ ಸ್ವಲ್ಪ ತಣ್ಣಗಾಗುತ್ತದೆ, ಸಂತೆಯ ಜನಜಂಗುಳಿಯಲ್ಲಿ ನಿಂತರೆ ಬಿಸಿಯಾಗುತ್ತದೆ.

ಆ ಒಂದು ವಿವರದಿಂದ ಹುಡುಕಾಟದ ದಿಕ್ಕು ಬದಲಾಯಿತು. ಎ.ಸಿ. ತಂಪನ್ನು ಹುಟ್ಟಿಸುವುದಿಲ್ಲ, ಕಾರಿನೊಳಗಿನ ಶಾಖವನ್ನು ಹೊತ್ತು ಹೊರಗೆ ಸುರಿಯುತ್ತದೆ. ಹೊರುವುದು ಗ್ಯಾಸು, ಇಂದಿನ ಬಹುಪಾಲು ಕಾರುಗಳಲ್ಲಿ ಆರ್-134ಎ ಎಂಬ ಶೀತಕ. ಸುರಿಯುವ ಜಾಗ ಮುಂಭಾಗದಲ್ಲಿ ರೇಡಿಯೇಟರಿನ ಎದುರಿಗಿರುವ ಕಂಡೆನ್ಸರು. ಕಾರು ಓಡುವಾಗ ಎದುರುಗಾಳಿಯೇ ಅದನ್ನು ತಣಿಸುತ್ತದೆ. ನಿಂತಾಗ ಫ್ಯಾನು ತಿರುಗಲೇಬೇಕು. ಈ ಕಾರಿನ ಫ್ಯಾನು ತಿರುಗುತ್ತಿರಲಿಲ್ಲ. ಅದರ ವೈರಿನ ತುದಿ ಸುಟ್ಟು ಕರಕಲಾಗಿತ್ತು. ಕಂಡೆನ್ಸರಿನ ತೆಳುಪಟ್ಟಿಗಳ ನಡುವೆ ಮೆಕ್ಕೆಜೋಳದ ಹೊಟ್ಟು, ಹುಲ್ಲಿನ ಚೂರು, ಸತ್ತ ಹುಳುಗಳು ಮೆತ್ತಿಕೊಂಡಿದ್ದವು. ಒಕ್ಕಲು ಕಾಲದಲ್ಲಿ ಈ ಸೀಮೆಯ ರಸ್ತೆಗಳಲ್ಲಿ ಓಡಾಡಿದ ಗಾಡಿಗೆ ಇದು ಸಹಜವೇ.

ಗ್ಯಾಸಿನ ಮಾತೂ ಇಷ್ಟೇ. ಅದು ಪೆಟ್ರೋಲಿನಂತೆ ಉರಿದು ತೀರುವ ವಸ್ತುವಲ್ಲ. ಕಡಿಮೆಯಾಗಿದ್ದರೆ ಎಲ್ಲಿಯೋ ಸೋರಿದೆ. ಸೋರಿಕೆಯನ್ನು ಹುಡುಕದೆ ತುಂಬಿದರೆ ಮತ್ತೆ ಹೋಗುತ್ತದೆ. ಹೋದದ್ದು ಸುಮ್ಮನಿರುವುದಿಲ್ಲ: ನೂರು ವರ್ಷಗಳ ಲೆಕ್ಕದಲ್ಲಿ ಭೂಮಿಯನ್ನು ಬಿಸಿಮಾಡುವ ಅದರ ಶಕ್ತಿ ಇಂಗಾಲದ ಡೈಆಕ್ಸೈಡಿಗಿಂತ ಸಾವಿರಕ್ಕೂ ಹೆಚ್ಚು ಪಟ್ಟು. ಇಲ್ಲಿ ಸೋರಿಕೆಯೂ ಇರಲಿಲ್ಲ. ಸಾಕಷ್ಟಿದ್ದ ಗ್ಯಾಸಿನ ಮೇಲೆ ಮತ್ತಷ್ಟು ತುಂಬಿದ್ದರಿಂದ ಒತ್ತಡ ಮಿತಿಮೀರಿತ್ತು. ಹುಡುಗ ಹೆಚ್ಚಿನದನ್ನು ಯಂತ್ರದಲ್ಲಿ ಹಿಂದಕ್ಕೆ ಎಳೆದುಕೊಂಡು, ವೈರಿಗೆ ಹೊಸ ತುದಿ ಹಾಕಿ, ಕಂಡೆನ್ಸರಿಗೆ ಮೆಲ್ಲಗೆ ನೀರು ಬಿಟ್ಟು ತೊಳೆದನು. “ಜೋರಾಗಿ ಹೊಡೆದ್ರೆ ಪಟ್ಟಿ ಮಡಚಿಕೊಳ್ತವೆ ಸಾರ್.”

“ಇಲ್ಲದ್ದನ್ನು ಇಲ್ಲ ಅಂದುಕೊಂಡು ತುಂಬಿಸೋದು ಒಂದು; ಇರೋದನ್ನೇ ನೋಡದೆ ತುಂಬಿಸೋದು ಇನ್ನೊಂದು,” ಎಂದು ಮೇಷ್ಟರು ತಮ್ಮಷ್ಟಕ್ಕೆ ಅಂದುಕೊಂಡರು. ಶಿಷ್ಯೆ ಕೇಳಿಸಿಕೊಂಡರೂ ಸುಮ್ಮನಿದ್ದಳು.

ಹಿರೇಆವಲಿ ಸೇರಿದಾಗ ಹೊತ್ತು ಇಳಿದಿತ್ತು. ವಿಳಂಬದಿಂದ ಕೇಡೇನೂ ಆಗಲಿಲ್ಲ. ಸವೆದ ಅಕ್ಷರಗಳನ್ನು ಓದಲು ನಡುಹಗಲಿನ ಬೆಳಕಿಗಿಂತ ಓರೆಯಾಗಿ ಬೀಳುವ ಸಂಜೆಯ ಬೆಳಕೇ ಮೇಲು. ಅವಳು ಕಲ್ಲಿನ ಪಾಚಿಯನ್ನು ಮೆತ್ತನೆಯ ಕುಂಚದಿಂದ ಒರಸಿದಳು. ಮೇಷ್ಟರು ಮಂಡಿಯೂರಿ ಬೆರಳಾಡಿಸಿದರು. ಕನ್ನಡಕ ತೆಗೆದು ಇನ್ನೊಮ್ಮೆ ನೋಡಿದರು. ಅಕ್ಷರ ಸ್ಪಷ್ಟವಾಗಿತ್ತು. ಅಚ್ಚಿನಲ್ಲಿದ್ದದ್ದೇ ಸರಿ, ತಿದ್ದುಪಡಿಯೇ ತಪ್ಪು.

ಅವಳು ಪಡಿಯಚ್ಚಿನ ಕಾಗದ ಬಿಚ್ಚುತ್ತ, “ಅಧ್ಯಾಯವನ್ನ ಬದಲಿಸ್ತೀನಿ ಸರ್. ನಿಮ್ಮ ಲೇಖನದ ವಿಷಯ ಅಡಿಟಿಪ್ಪಣಿಯಲ್ಲಿ ಬೇಡ ಅಲ್ವೇ?” ಎಂದಳು.

“ಅಡಿಟಿಪ್ಪಣಿಯಲ್ಲಿ ಯಾಕಮ್ಮ, ಮೇಲೆಯೇ ಬರಿ. ನನ್ನ ಹೆಸರು ಹಾಕಿಯೇ ಬರಿ,” ಎಂದರು ಮೇಷ್ಟರು. ಆಮೇಲೆ ಕಾಗದ ಗಾಳಿಗೆ ಹಾರದಂತೆ ಅದರ ಎರಡು ಅಂಚುಗಳನ್ನು ಹಿಡಿದುಕೊಂಡರು.